ಮನೆ ಮೇಲೆ ಸೋಲಾರ್: ಕೈಯಿಂದ ಎಷ್ಟು ದುಡ್ಡು ಹೋಗುತ್ತೆ? ಹಾಕ್ಸೋ ಮುಂಚೆ ಕರೆಂಟ್ ಬಿಲ್ ತೆಗೆದು ನೋಡಿ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಹೋದರೆ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪ್ಯಾನೆಲ್‌ಗಳೇ. ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್. ರೈತರಿಂದ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗುತ್ತಿಗೆಗೆ ಪಡೆದ ಜಮೀನಿನಲ್ಲಿ 2018ರ ಮಾರ್ಚ್‌ನಲ್ಲಿ ಶುರುವಾದ ಪಾರ್ಕ್ ಅದು. ಅಲ್ಲಿ ತಯಾರಾಗುವ ಕರೆಂಟು ಗ್ರಿಡ್‌ಗೆ ಹೋಗುತ್ತೆ. ಪಾವಗಡದ ಮನೆಯವರಿಗೆ ಆ ಪಾರ್ಕಿನಿಂದ ಬಿಲ್‌ನಲ್ಲಿ ಒಂದು ಪೈಸೆಯೂ ಕಡಿಮೆ ಆಗಲ್ಲ. ಬಿಲ್ ಕಡಿಮೆ ಆಗಬೇಕು ಅಂದ್ರೆ ಪ್ಯಾನೆಲ್ ತಮ್ಮ ಮನೆ ತಾರಸಿ ಮೇಲೇ ಇರಬೇಕು.

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯಘರ್’ ಯೋಜನೆ ಪ್ರಕಟಿಸಿದ ಮೇಲೆ ಈ ಮಾತು ಪೇಟೆಗೂ ಬಂತು, ಹಳ್ಳಿಗೂ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆ ಫೋನ್ ಬರ್ತಿವೆ, ಪಾಂಪ್ಲೆಟ್ ಹಂಚ್ತಾರೆ. ‘ಬಿಲ್ಲೇ ಬರಲ್ಲ ಸಾರ್, 78 ಸಾವಿರ ಸಬ್ಸಿಡಿ’ ಅಂತಾರೆ. ಆದರೆ ಒಟ್ಟು ಖರ್ಚು ಎಷ್ಟು, ಸಬ್ಸಿಡಿ ಹೋಗಿ ಕೈಯಿಂದ ಎಷ್ಟು, ಅದು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಅನ್ನೋದನ್ನ ಬಿಡಿಸಿ ಹೇಳೋರು ಕಡಿಮೆ.

ಮೊದಲು ಬಿಲ್

ಈಗಾಗಲೇ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಸೋಲಾರ್ ಹಾಕಿಸಿದರೆ ಉಳಿತಾಯ ಅನ್ನೋದು ಹೆಚ್ಚುಕಡಿಮೆ ಇರಲ್ಲ. ಕಟ್ಟದೇ ಇರೋ ಬಿಲ್‌ನಲ್ಲಿ ಏನು ಉಳಿಸೋಕಾಗುತ್ತೆ? ಮಾರೋರು ಈ ಮಾತನ್ನ ಮೊದಲು ಹೇಳಲ್ಲ.

2023ರ ಆಗಸ್ಟ್ ಬಿಲ್‌ನಿಂದ ಗೃಹಜ್ಯೋತಿ ಜಾರಿಯಲ್ಲಿದೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದ ಲೆಕ್ಕ ಉಚಿತ. ಒಟ್ಟು ಮಿತಿ 200 ಯೂನಿಟ್. ಉದಾಹರಣೆಗೆ ಸರಾಸರಿ 110 ಇದ್ದರೆ 121 ಯೂನಿಟ್‌ವರೆಗೆ ಸೊನ್ನೆ ಬಿಲ್. 150 ಬಳಸಿದರೆ ಮೇಲಿನ 29 ಯೂನಿಟ್‌ಗೆ ದುಡ್ಡು. 205 ಆಯಿತೋ, ಆ ತಿಂಗಳು 205ಕ್ಕೂ ಪೂರ್ತಿ ಬಿಲ್.

ಹಾಗಾಗಿ ಹಿಂದಿನ 12 ತಿಂಗಳ ಬಿಲ್ ತೆಗೆದು ನೋಡಬೇಕು. ಬಿಲ್ ಎಸೆದಿದ್ದರೆ ಬೆಸ್ಕಾಂ ಆ್ಯಪ್‌ನಲ್ಲಿ ಸಿಗುತ್ತೆ. ವರ್ಷಪೂರ್ತಿ 200 ದಾಟುವ ಮನೆ, ಅಂದ್ರೆ ಎರಡು ಮಹಡಿ ಒಂದೇ ಮೀಟರ್‌ನಲ್ಲಿರೋ ಮನೆ, ಎ.ಸಿ., ಗೀಸರ್, ಸಂಪಿನ ಮೋಟಾರು ಎಲ್ಲ ಓಡೋ ಮನೆ, ಅಂಥವರಿಗೆ ಸೋಲಾರ್ ಲಾಭವೇ. ಮಾರ್ಚ್‌ನಿಂದ ಮೇ ತನಕ ಮಾತ್ರ 200 ದಾಟಿ ಉಳಿದ ತಿಂಗಳು ಸೊನ್ನೆ ಬರೋ ಮನೆಯವರು ಲಕ್ಷ ಖರ್ಚು ಮಾಡೋ ಮುಂಚೆ ಫ್ಯಾನ್ ಕಡೆ ನೋಡುವುದು ಒಳ್ಳೇದು. ಹಳೇ ಫ್ಯಾನ್ 70-75 ವ್ಯಾಟ್ ಎಳೆಯುತ್ತೆ, ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ನಾಲ್ಕು ಫ್ಯಾನ್ ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 50 ಯೂನಿಟ್‌ಗಿಂತ ಜಾಸ್ತಿ ಉಳಿಯುತ್ತೆ. 230 ಬರುತ್ತಿದ್ದ ಮೀಟರ್ 180ಕ್ಕೆ ಇಳಿದರೆ ಗೃಹಜ್ಯೋತಿ ಮತ್ತೆ ಸಿಗುತ್ತೆ. ಇಷ್ಟಕ್ಕೆ ಹತ್ತು ಹನ್ನೆರಡು ಸಾವಿರ ಸಾಕು.

ಗೃಹಜ್ಯೋತಿ ಇರುವ ಆರ್‌ಆರ್ ನಂಬರಿಗೆ ಸೋಲಾರ್ ಹಾಕಿಸಲೇಬೇಕು ಅನ್ನೋರು, ನೆಟ್ ಮೀಟರ್ ಕೂರಿಸಿದ ಮೇಲೆ ಬಿಲ್ ಯಾವ ಲೆಕ್ಕದಲ್ಲಿ ಬರುತ್ತೆ ಅಂತ ಬೆಸ್ಕಾಂ ಉಪವಿಭಾಗದ ಎಇಇ ಕಚೇರಿಯಲ್ಲಿ ಮೊದಲೇ ಕೇಳಿ ಬರಹದಲ್ಲಿ ತಗೊಳ್ಳಿ. ಅಂಗಡಿಯವನ ಬಾಯಿಮಾತು ಸಾಲದು.

ಬೆಲೆ ಎಷ್ಟು

ಸೋಲಾರ್ ಬೆಲೆಯನ್ನ ಕಿಲೋವ್ಯಾಟ್ ಲೆಕ್ಕದಲ್ಲಿ ಹೇಳ್ತಾರೆ. ಸರ್ಕಾರ ಸಬ್ಸಿಡಿ ಲೆಕ್ಕಕ್ಕೆ ಇಟ್ಟುಕೊಂಡಿರೋ ದರ ಮೊದಲ 2 ಕಿಲೋವ್ಯಾಟ್‌ಗೆ ತಲಾ 50 ಸಾವಿರ, ಮೂರನೇದಕ್ಕೆ 45 ಸಾವಿರ. ಅಂದ್ರೆ 3 ಕಿಲೋವ್ಯಾಟ್‌ಗೆ 1 ಲಕ್ಷ 45 ಸಾವಿರ. ಸಬ್ಸಿಡಿ 78 ಸಾವಿರ ಕಳೆದರೆ 67 ಸಾವಿರ. ಜಾಹೀರಾತಿನಲ್ಲಿ ಕಾಣೋದು ಈ ಲೆಕ್ಕ.

ಪೇಟೆಯಲ್ಲಿ ಇಷ್ಟಕ್ಕೆ ಸಿಗೋದು ಕಷ್ಟ. ಸಬ್ಸಿಡಿ ಬೇಕು ಅಂದ್ರೆ ಪ್ಯಾನೆಲ್ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು, ಅದನ್ನ ‘ಡಿಸಿಆರ್ ಪ್ಯಾನೆಲ್’ ಅಂತಾರೆ. ಇದು ಹೊರದೇಶದ ಸೆಲ್ ಹಾಕಿದ ಪ್ಯಾನೆಲ್‌ಗಿಂತ ದುಬಾರಿ. ಪ್ಯಾನೆಲ್, ಇನ್ವರ್ಟರ್, ಸ್ಟ್ರಕ್ಚರ್, ಕೇಬಲ್, ಅರ್ಥಿಂಗ್, ಕೂಲಿ, ತೆರಿಗೆ ಎಲ್ಲ ಸೇರಿ ಬ್ಯಾಟರಿ ಇಲ್ಲದ ಸಿಸ್ಟಂಗೆ ಅಂದಾಜು ಹೀಗೆ ಇಟ್ಟುಕೊಳ್ಳಬಹುದು.

1 ಕಿಲೋವ್ಯಾಟ್: 65ರಿಂದ 80 ಸಾವಿರ. ಸಬ್ಸಿಡಿ 30 ಸಾವಿರ. ಕೈಯಿಂದ 35ರಿಂದ 50 ಸಾವಿರ.
2 ಕಿಲೋವ್ಯಾಟ್: 1.20ರಿಂದ 1.50 ಲಕ್ಷ. ಸಬ್ಸಿಡಿ 60 ಸಾವಿರ. ಕೈಯಿಂದ 60ರಿಂದ 90 ಸಾವಿರ.
3 ಕಿಲೋವ್ಯಾಟ್: 1.75ರಿಂದ 2.10 ಲಕ್ಷ. ಸಬ್ಸಿಡಿ 78 ಸಾವಿರ. ಕೈಯಿಂದ 97 ಸಾವಿರದಿಂದ 1.32 ಲಕ್ಷ.
5 ಕಿಲೋವ್ಯಾಟ್: 2.75ರಿಂದ 3.40 ಲಕ್ಷ. ಸಬ್ಸಿಡಿ ಅದೇ 78 ಸಾವಿರ. ಕೈಯಿಂದ 2 ಲಕ್ಷದಿಂದ 2.60 ಲಕ್ಷ.

ಸಬ್ಸಿಡಿ 3 ಕಿಲೋವ್ಯಾಟ್‌ಗೇ ನಿಲ್ಲುತ್ತೆ ಅನ್ನೋದು ಗಮನದಲ್ಲಿರಲಿ. ‘ಇನ್ನೆರಡು ಪ್ಯಾನೆಲ್ ಸೇರಿಸಿ, ಹೆಂಗೂ ಸಬ್ಸಿಡಿ ಬರುತ್ತೆ’ ಅಂತ ಯಾರಾದ್ರೂ ಅಂದ್ರೆ ಆ ಎರಡಕ್ಕೆ ಪೂರ್ತಿ ದುಡ್ಡು ಮನೆಯವರದ್ದೇ.

ಕೊಟೇಶನ್‌ನಲ್ಲಿ ತೆರಿಗೆ ಸಾಲನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಸಾಮಾನು, ಫಿಟಿಂಗ್ ಎರಡೂ ಒಬ್ಬರೇ ಮಾಡಿಕೊಟ್ಟರೆ ಒಟ್ಟು ಬಿಲ್‌ನ ಶೇ 70 ಸಾಮಾನು, ಶೇ 30 ಕೆಲಸ ಅಂತ ಲೆಕ್ಕ ಹಿಡಿತಾರೆ. ಕೆಲಸದ ಭಾಗಕ್ಕೆ ಶೇ 18. ಹಾಗಾಗಿ ಒಟ್ಟಾರೆ ತೆರಿಗೆ ಮುಂಚೆ ಶೇ 13.8 ಇತ್ತು, ಈಗ ಶೇ 8.9. 1.80 ಲಕ್ಷದ ಕೆಲಸಕ್ಕೆ ಸುಮಾರು 8,800 ರೂಪಾಯಿ ವ್ಯತ್ಯಾಸ. ಹಳೇ ಕೊಟೇಶನ್ ಕಾಗದವನ್ನೇ ತೋರಿಸಿದರೆ ಕೇಳಿ.

ಇನ್ನೊಂದು: ಸಬ್ಸಿಡಿ ಆಮೇಲೆ ಬರೋದು. ಕೆಲಸ ಮುಗಿದು, ಮೀಟರ್ ಕೂತು, ಬೆಸ್ಕಾಂನವರು ನೋಡಿ ಒಪ್ಪಿದ ಮೇಲೆ ಅರ್ಜಿದಾರರ ಬ್ಯಾಂಕ್ ಖಾತೆಗೇ ನೇರ ಜಮಾ ಆಗುತ್ತೆ. ಅಲ್ಲಿವರೆಗೆ ಪೂರ್ತಿ ಮೊತ್ತ ಹೊಂದಿಸಿಕೊಳ್ಳಬೇಕು. ಸಂಘದ ಸಾಲ, ಚೀಟಿ ದುಡ್ಡು ಅಂತ ಹಾಕೋರು ಇದನ್ನ ಮರೀಬಾರದು. ಈ ಯೋಜನೆಯಡಿ 3 ಕಿಲೋವ್ಯಾಟ್‌ವರೆಗೆ ಬ್ಯಾಂಕ್‌ಗಳು ಅಡಮಾನ ಇಲ್ಲದೆ 2 ಲಕ್ಷದವರೆಗೆ ಸಾಲ ಕೊಡ್ತವೆ, ಬಡ್ಡಿ ರೆಪೊ ದರಕ್ಕಿಂತ ಅರ್ಧ ಪರ್ಸೆಂಟ್ ಜಾಸ್ತಿ. ಬಡ್ಡಿ ಶೇ 7 ಅಂತ ಹಿಡಿದರೆ 1.20 ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 1,400 ರೂ., ಐದು ವರ್ಷಕ್ಕಾದರೆ 2,400ರ ಹತ್ತಿರ.

ವಾಪಸ್ ಬರೋದು ಯಾವಾಗ

ನಮ್ಮ ಕಡೆ ಬಿಸಿಲಿಗೆ ಬರ ಇಲ್ಲ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಹಿಡಿಯಬಹುದು. ಬೇಸಿಗೆಯಲ್ಲಿ ಜಾಸ್ತಿ, ಮೋಡದ ದಿನಗಳಲ್ಲಿ ಕಡಿಮೆ. 3 ಕಿಲೋವ್ಯಾಟ್‌ಗೆ ತಿಂಗಳಿಗೆ 360 ಯೂನಿಟ್ ಆಸುಪಾಸು.

2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೆಇಆರ್‌ಸಿ ದರದಲ್ಲಿ ಮನೆ ಕರೆಂಟು ಯೂನಿಟ್‌ಗೆ 5 ರೂ. 80 ಪೈಸೆ. ಅದರ ಮೇಲೆ ನೌಕರರ ಪಿಂಚಣಿ, ಗ್ರಾಚ್ಯುಟಿ ಹೆಸರಲ್ಲಿ 36 ಪೈಸೆ. ಜೊತೆಗೆ ಶೇ 9 ತೆರಿಗೆ. ಒಟ್ಟು ಯೂನಿಟ್‌ಗೆ 6 ರೂ. 70 ಪೈಸೆ ಹತ್ತಿರ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಗೊಂದು ತರ, ಅದು ಬೇರೆ.

ಗೃಹಜ್ಯೋತಿ ಇಲ್ಲದ, ತಿಂಗಳಿಗೆ 320 ಯೂನಿಟ್ ಬಳಸುವ ಮನೆ ಅಂದುಕೊಳ್ಳಿ. 3 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 2,100 ರೂ. ಮೇಲೆ ಉಳಿಯುತ್ತೆ, ವರ್ಷಕ್ಕೆ 25 ಸಾವಿರ. ಕೈಯಿಂದ 1.20 ಲಕ್ಷ ಹೋಗಿದ್ದರೆ ಐದು ವರ್ಷದೊಳಗೆ ದುಡ್ಡು ವಾಪಸ್. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಕೊಡ್ತಾರೆ, ಇನ್ವರ್ಟರ್‌ಗೆ ಅಷ್ಟು ಇರಲ್ಲ. ಹತ್ತು ವರ್ಷದ ಹೊತ್ತಿಗೆ ಇನ್ವರ್ಟರ್ ಬದಲಿಸೋಕೆ 25-35 ಸಾವಿರ ತೆಗೆದಿಡಬೇಕು. ಆದ್ರೂ ಇಂಥ ಮನೆಗೆ ಇದು ನಷ್ಟದ ವ್ಯವಹಾರ ಅಲ್ಲ.

ಅದೇ ಲೆಕ್ಕ 160 ಯೂನಿಟ್ ಬಳಸೋ ಮನೆಗೆ ಹಾಕಿ ನೋಡಿ. ಗೃಹಜ್ಯೋತಿ ಬಿಟ್ಟೇ ಲೆಕ್ಕ ಹಾಕಿದರೂ ಉಳಿಯೋದು ತಿಂಗಳಿಗೆ ಸಾವಿರ ಚಿಲ್ಲರೆ, ಮಿಕ್ಕ 200 ಯೂನಿಟ್ ಬೆಸ್ಕಾಂಗೆ ಹೋಗುತ್ತೆ. ಹಾಗೆ ಹೋಗೋ ಕರೆಂಟಿಗೆ ಕೊಡೋ ದರ ನಾವು ಕೊಳ್ಳೋ ದರಕ್ಕಿಂತ ಬಹಳ ಕಡಿಮೆ, ಸಬ್ಸಿಡಿ ಪಡೆದವರಿಗಂತೂ ಇನ್ನೂ ಕಡಿಮೆ. ‘ಕರೆಂಟ್ ಮಾರಿ ಸಂಪಾದನೆ ಮಾಡಿ’ ಅನ್ನೋ ಮಾತಿಗೆ ಮರುಳಾಗಿ ದೊಡ್ಡ ಸಿಸ್ಟಂ ಹಾಕಿಸೋದು ಬೇಡ. ಬಳಸೋ ಅಷ್ಟಕ್ಕೆ ಹಾಕಿಸಿ.

‘ಬಿಲ್ಲೇ ಬರಲ್ಲ’ ಅನ್ನೋದೂ ಪೂರ್ತಿ ನಿಜ ಅಲ್ಲ. ಮಂಜೂರಾದ ಲೋಡ್ ಮೇಲೆ ನಿಗದಿತ ಶುಲ್ಕ ಇದ್ದೇ ಇರುತ್ತೆ. ಅದೇ 2025ರ ದರದಲ್ಲಿ ಕಿಲೋವ್ಯಾಟ್‌ಗೆ 145 ರೂ., 3 ಕಿಲೋವ್ಯಾಟ್‌ಗೆ 435 ರೂ. ಬಿಸಿಲು ಎಷ್ಟು ಬಿದ್ದರೂ ಇದು ಹೋಗಲ್ಲ.

ಕರೆಂಟ್ ಹೋದರೆ ಸೋಲಾರೂ ಬಂದ್

ಹಾಕಿಸಿಕೊಂಡ ಮೇಲೆ ಬಹಳ ಜನ ಬೇಜಾರಾಗೋದು ಇಲ್ಲಿ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕೋದು ಗ್ರಿಡ್‌ಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸಿಸ್ಟಂ. ಬೆಸ್ಕಾಂ ಲೈನ್ ಆಫ್ ಆದ ಕೂಡಲೇ ಇನ್ವರ್ಟರ್ ತಾನೇ ನಿಂತು ಹೋಗುತ್ತೆ. ಮಟಮಟ ಮಧ್ಯಾಹ್ನ, ತಲೆ ಮೇಲೆ ಸೂರ್ಯ, ತಾರಸಿ ಮೇಲೆ ಆರು ಪ್ಯಾನೆಲ್, ಕೆಳಗೆ ಫ್ಯಾನ್ ತಿರುಗಲ್ಲ. ಇದು ಕೆಟ್ಟಿರೋದಲ್ಲ. ಕಂಬದ ಮೇಲೆ ಕೆಲಸ ಮಾಡ್ತಿರೋ ಲೈನ್‌ಮನ್‌ಗೆ ಮನೆಯಿಂದ ಹೋದ ಕರೆಂಟ್ ಹೊಡೀಬಾರದು ಅಂತ ಹಾಗೆ ಮಾಡಿರೋದು.

ಕರೆಂಟ್ ಹೋದಾಗಲೂ ನಡೀಬೇಕು ಅಂದ್ರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಲಿಥಿಯಂ ಬ್ಯಾಟರಿ ಜೊತೆ ಹಾಕಿಸಿದರೆ ಖರ್ಚು ಇನ್ನೂ ಒಂದು ಲಕ್ಷದ ಹತ್ತಿರ ಏರಬಹುದು, ಬ್ಯಾಟರಿಗೆ ಅಂತ ಬೇರೆ ಸಬ್ಸಿಡಿ ಇಲ್ಲ. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದನ್ನೇ ಇಟ್ಟುಕೊಂಡು ಸೋಲಾರನ್ನ ಬಿಲ್ ಇಳಿಸೋಕೆ ಮಾತ್ರ ಹಾಕಿಸೋದು ಜೇಬಿಗೆ ಹಗುರ.

ತಾರಸಿ, ಚಪ್ಪಡಿ, ಕೋತಿ

ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಮೋಲ್ಡ್ ಮನೆಗೆ ತೊಂದರೆ ಇಲ್ಲ. ಮಧುಗಿರಿ, ಶಿರಾ, ಪಾವಗಡದ ಹಳೇ ಕಲ್ಲು ಚಪ್ಪಡಿ ಮನೆಗಳಿಗೆ ಮೇಸ್ತ್ರಿ ಕರೆಸಿ ತೊಲೆ, ಸಂದು ನೋಡಿಸದೆ ಭಾರ ಏರಿಸಬಾರದು. ಚಪ್ಪಡಿಗೆ ಡ್ರಿಲ್ ಹಾಕಿದರೆ ಸೋರೋದು ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ, ಸಿಮೆಂಟ್ ದಿಂಡಿನ ಮೇಲೆ ಕೂರಿಸೋ ತರ ಮಾಡಿಸಬೇಕು. ಹೆಂಚಿನ ಮನೆ, ಹಳೇ ಶೀಟಿನ ಮನೆಗೆ ಕಬ್ಬಿಣದ ಕೆಲಸ ಬೇರೆ ಖರ್ಚು.

ತಾರಸಿ ಮೇಲೆ ಹುಣಸೆಹಣ್ಣು, ಕಡಲೆಕಾಯಿ, ರಾಗಿ ಒಣಗಿಸೋ ಮನೆಯವರು ಎಂಟು ಅಡಿ ಎತ್ತರದ ಸ್ಟ್ರಕ್ಚರ್ ಕೇಳ್ತಾರೆ. ಕೆಳಗೆ ಓಡಾಡಬಹುದು, ನೆರಳೂ ಆಗುತ್ತೆ. ಆದರೆ ಕಿಲೋವ್ಯಾಟ್‌ಗೆ ಐದರಿಂದ ಹತ್ತು ಸಾವಿರ ಜಾಸ್ತಿ. ಮೇ ತಿಂಗಳ ಗಾಳಿಮಳೆಗೆ ತಡಿಯೋ ಹಾಗೆ ಕಾಲುಗಳನ್ನ ಕಾಂಕ್ರೀಟ್‌ನಲ್ಲಿ ಕೂರಿಸಿದ್ದಾರಾ ನೋಡಬೇಕು. ತೆಳು ಪೈಪ್ ಹಾಕಿ ದರ ಇಳಿಸೋರಿದ್ದಾರೆ.

ಕೊರಟಗೆರೆ ಕಡೆ ತೋಟದ ಮನೆಗಳಲ್ಲಿ ಸಮಸ್ಯೆ ನೆರಳು. ತೆಂಗಿನ ಗರಿ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಸಾಲಿನಲ್ಲಿರೋ ಉಳಿದವೂ ಸೊರಗಬಹುದು. ಬೆಳಗ್ಗೆ 9ಕ್ಕೆ, ಮಧ್ಯಾಹ್ನ 3ಕ್ಕೆ ತಾರಸಿ ಹತ್ತಿ ನೆರಳು ಎಲ್ಲಿ ಬೀಳುತ್ತೆ ಅಂತ ನೋಡಿದರೆ ಗೊತ್ತಾಗುತ್ತೆ. ಬೆಟ್ಟದ ಪಕ್ಕದ ಊರುಗಳಲ್ಲಿ ಕೋತಿ ಕಾಟ. ಗಾಜು ಅಷ್ಟು ಸುಲಭಕ್ಕೆ ಒಡೆಯಲ್ಲ, ಕೇಬಲ್ ಕಿತ್ತು ಹಾಕ್ತವೆ. ಕೇಬಲ್ ಪೂರ್ತಿ ಪೈಪ್ ಒಳಗೇ ಹೋಗಬೇಕು ಅಂತ ಮೊದಲೇ ಮಾತಾಡಿ.

ಅರ್ಥಿಂಗ್ ವಿಷಯದಲ್ಲಿ ಮೋಸ ಸುಲಭ, ಯಾಕಂದ್ರೆ ಅದು ಮಣ್ಣೊಳಗೆ ಹೋಗುತ್ತೆ. ಬಂಡೆ ಇರೋ ಜಾಗದಲ್ಲಿ ಎರಡಡಿ ಅಗೆದು ಮುಚ್ಚಿ ಹೋಗ್ತಾರೆ. ಪ್ಯಾನೆಲ್ ಕಡೆಗೆ, ಇನ್ವರ್ಟರ್ ಕಡೆಗೆ, ಸಿಡಿಲು ತಡೆಗೆ ಬೇರೆ ಬೇರೆ ಗುಂಡಿ ಇರಬೇಕು. ಅಗೆಯೋವಾಗ ಮನೆಯವರು ಯಾರಾದ್ರೂ ಪಕ್ಕದಲ್ಲೇ ನಿಲ್ಲಿ.

ಅಂಗಡಿಯವರಿಗೆ

ಪಿಎಂ ಸೂರ್ಯಘರ್ ಸಬ್ಸಿಡಿ ಮನೆ ಸಂಪರ್ಕಕ್ಕೆ ಮಾತ್ರ. ಕಮರ್ಷಿಯಲ್ ಮೀಟರಿಗೆ ಇಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರೋರು ಎರಡಕ್ಕೂ ಬೇರೆ ಬೇರೆ ಆರ್‌ಆರ್ ನಂಬರ್ ಇದ್ದರೆ ಮೇಲಿನ ಮನೆ ಮೀಟರಿಗೆ ಸಬ್ಸಿಡಿ ಪಡೀಬಹುದು, ಆ ಕರೆಂಟ್ ಅಂಗಡಿಗೆ ಎಳೆಯೋ ಹಾಗಿಲ್ಲ. ಹಾಗಂತ ಅಂಗಡಿಗೆ ಸೋಲಾರ್ ದಂಡ ಅಂತಲ್ಲ. ಕಮರ್ಷಿಯಲ್ ದರ ಮನೆ ದರಕ್ಕಿಂತ ಜಾಸ್ತಿ, ಗೃಹಜ್ಯೋತಿಯೂ ಇಲ್ಲ, ಬಳಕೆ ಹಗಲಲ್ಲೇ. ಫ್ರಿಜ್ ಇಟ್ಟಿರೋ ಬೇಕರಿ, ಜೆರಾಕ್ಸ್ ಅಂಗಡಿ, ಹಿಟ್ಟಿನ ಗಿರಣಿಯವರಿಗೆ ಸಬ್ಸಿಡಿ ಇಲ್ಲದೇ ಲೆಕ್ಕ ಸರಿಹೋಗಬಹುದು. ಸಬ್ಸಿಡಿ ಇಲ್ಲದ ಕಾರಣ ಡಿಸಿಆರ್ ಪ್ಯಾನೆಲ್ಲೇ ಬೇಕು ಅಂತಿಲ್ಲ, ಹಾಗಾಗಿ ಕಿಲೋವ್ಯಾಟ್‌ಗೆ ದರ ಇಳಿಯುತ್ತೆ. ವರಮಾನ ತೆರಿಗೆ ಕಟ್ಟೋರಿಗೆ ವರ್ಷಕ್ಕೆ ಶೇ 40 ಸವಕಳಿ ತೋರಿಸೋ ಅವಕಾಶ ಇದೆ, ಆಡಿಟರ್ ಹತ್ರ ಕೇಳಿ.

ಬೋರ್‌ವೆಲ್ ಪಂಪ್‌ಸೆಟ್ ಸೋಲಾರ್ ಬೇರೆ, ಅದು ಕುಸುಮ್ ಯೋಜನೆ. ನೀರು ಕಾಯಿಸೋ ಸೋಲಾರ್ ಕೂಡ ಬೇರೆ. ಈ 78 ಸಾವಿರಕ್ಕೂ ಅವಕ್ಕೂ ಸಂಬಂಧ ಇಲ್ಲ.

ಅರ್ಜಿ, ಹೆಸರು, ಅಡ್ವಾನ್ಸ್

ಅರ್ಜಿ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲೇ ಹಾಕಬೇಕು, ಬೆಸ್ಕಾಂ ಬಿಲ್‌ನಲ್ಲಿರೋ ಅಕೌಂಟ್ ಐಡಿ ಬೇಕು. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಅಂತ ಕಾಯಿಸೋ ಹಾಗಿಲ್ಲ, 2024ರಲ್ಲೇ ಕೇಂದ್ರ ಸರ್ಕಾರ ನಿಯಮ ಬದಲಿಸಿದೆ. ಯೋಜನೆಯ ಅವಧಿ ಇರೋದು 2026-27ರವರೆಗೆ.

ನಮ್ಮ ಕಡೆ ಅರ್ಜಿ ಸಿಕ್ಕಿಕೊಳ್ಳೋದು ಹೆಸರಿನಲ್ಲಿ. ಮೀಟರ್ ಇನ್ನೂ ತಾತನ ಹೆಸರಲ್ಲಿ, ಖಾತೆ ತಂದೆ ಹೆಸರಲ್ಲಿ, ಬ್ಯಾಂಕ್ ಪಾಸ್‌ಬುಕ್ ಮಗನ ಹೆಸರಲ್ಲಿ. ಬಿಲ್‌ನಲ್ಲಿರೋ ಹೆಸರು, ಅರ್ಜಿ, ಬ್ಯಾಂಕ್ ಖಾತೆ ಹೊಂದಿಕೆ ಆಗದಿದ್ದರೆ ಸಬ್ಸಿಡಿ ನಿಲ್ಲುತ್ತೆ. ಅಣ್ಣತಮ್ಮಂದಿರ ಭಾಗ ಆಗದೇ ಇರೋ ಮನೆಗಳಲ್ಲಿ ಇದು ತಿಂಗಳುಗಟ್ಟಲೆ ಎಳೆಯುತ್ತೆ. ಅಡ್ವಾನ್ಸ್ ಕೊಡೋ ಮುಂಚೆ ಹೆಸರು ಬದಲಾವಣೆ ಮುಗಿಸಿಕೊಳ್ಳಿ.

ಕೆಲಸ ಮಾಡೋ ಕಂಪನಿ ಪೋರ್ಟಲ್‌ನ ಪಟ್ಟಿಯಲ್ಲಿ ಇದೆಯಾ ನೋಡಿ, ಕನಿಷ್ಠ ಮೂರು ಕಡೆ ಕೊಟೇಶನ್ ತಗೊಳ್ಳಿ. ಕೊಟೇಶನ್‌ನಲ್ಲಿ ಪ್ಯಾನೆಲ್ ಕಂಪನಿ ಹೆಸರು, ವ್ಯಾಟ್, ಡಿಸಿಆರ್ ಅನ್ನೋ ಪದ, ಇನ್ವರ್ಟರ್ ಹೆಸರು, ನೆಟ್ ಮೀಟರ್ ಖರ್ಚು ಯಾರದ್ದು ಅನ್ನೋದು ಬರೆದಿರಬೇಕು. ‘3 ಕಿಲೋವ್ಯಾಟ್ ಸೋಲಾರ್ ಸೆಟ್’ ಅಂತ ಒಂದೇ ಸಾಲು ಬರೆದು ಕೊಟ್ಟರೆ ವಾಪಸ್ ಕೊಡಿ. ಐದು ವರ್ಷ ನಿರ್ವಹಣೆ ಹಾಕಿದವರದ್ದೇ ಜವಾಬ್ದಾರಿ, ಅದೂ ಕಾಗದದಲ್ಲಿರಲಿ. ತುಮಕೂರು, ಬೆಂಗಳೂರಿನಿಂದ ಬಂದು ಹಾಕಿ ಹೋಗೋರು ಸ್ವಲ್ಪ ಕಡಿಮೆ ಹೇಳಬಹುದು, ಇನ್ವರ್ಟರ್‌ನಲ್ಲಿ ಕೆಂಪು ಲೈಟ್ ಬಂದಾಗ ಪಾವಗಡದವರೆಗೆ ಯಾರು ಬರ್ತಾರೆ ಅಂತಲೂ ಕೇಳಬೇಕು.

ಪೂರ್ತಿ ದುಡ್ಡು ಮುಂಚೆ ಕೊಡಬೇಡಿ. ಸಾಮಾನು ಮನೆಗೆ ಬಂದಾಗ ಒಂದು ಭಾಗ, ಫಿಟಿಂಗ್ ಆದಾಗ ಒಂದು ಭಾಗ, ನೆಟ್ ಮೀಟರ್ ಕೂತು ಬೆಸ್ಕಾಂ ಒಪ್ಪಿಗೆ ಸಿಕ್ಕ ಮೇಲೆ ಕೊನೇ ಭಾಗ. ‘ಸಬ್ಸಿಡಿ ನಾವೇ ತೆಗೆಸಿಕೊಡ್ತೀವಿ, ಓಟಿಪಿ ಹೇಳಿ’ ಅನ್ನೋ ಫೋನ್ ಬಂದರೆ ಕಟ್ ಮಾಡಿ. ಬೆಸ್ಕಾಂ ಕಡೆಯ ದೂರಿಗೆ 1912.

ಹಾಕಿಸಿದ ಮೇಲೆ ಖರ್ಚು ಅಂತ ಹೆಚ್ಚಿಲ್ಲ, ತೊಳೆಯೋದೊಂದೇ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯಾದ್ರೂ ಧೂಳು ಒರೆಸಬೇಕು. ಪಾವಗಡ, ಶಿರಾ ಕಡೆಯ ಗಡಸು ಬೋರ್ ನೀರು ಹಾಕಿದರೆ ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತೆ, ಆಮೇಲೆ ಹೋಗಲ್ಲ. ಮಳೆ ನೀರು ಹಿಡಿದಿಟ್ಟಿದ್ದರೆ ಅದು, ಇಲ್ಲ ಫಿಲ್ಟರ್ ನೀರು, ಮೆತ್ತನೆ ಬಟ್ಟೆ ಕಟ್ಟಿದ ಕೋಲು. ಬಿಸಿಲೇರೋ ಮುಂಚೆ, ಗಾಜು ತಣ್ಣಗಿದ್ದಾಗಲೇ ತೊಳೀಬೇಕು.